ಕಾಲೇಜಿನ ಕನ್ನಡ ಸಂಘದಲ್ಲಿ ನಿಮ್ಮದೊಂದು ಜಾಗ

ಊರು ಬಿಟ್ಟು ಬೆಂಗಳೂರಿಗೆ ಓದಲು ಬಂದವರಿಗೆ ಕ್ಲಾಸು ಮುಗಿದ ಮೇಲಿನ ಹೊತ್ತು ಕಳೆಯುವುದೇ ಕಷ್ಟ. ಪಿಜಿಗೆ ಹೋದರೆ ಮಂಚ, ಮೊಬೈಲು, ಅಷ್ಟೆ. ಅಂಥವರಿಗೆ ಕನ್ನಡ ಸಂಘ ಒಳ್ಳೆಯ ದಾರಿ. ಈ ಊರಲ್ಲಿ ಅದಕ್ಕೆ ಹಳೆಯ ಪರಂಪರೆಯೂ ಇದೆ: ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲೇ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ತಂದಿತ್ತು. ಆದರೆ ವಾಟ್ಸಾಪ್ ಗ್ರೂಪಿಗೆ ನಂಬರು ಸೇರಿದ ಮಾತ್ರಕ್ಕೆ ನೀವು ಸಂಘದವರಾಗುವುದಿಲ್ಲ. ಕೈಗೊಂದು ಕೆಲಸ ಬೇಕು.

ಮೊದಲ ಸಭೆಯಲ್ಲಿ ಹಾಡಿಗೆ, ನಿರೂಪಣೆಗೆ ಕೈ ಎತ್ತುವವರು ಬೇಕಾದಷ್ಟು ಮಂದಿ. ನೀವು ಯಾರೂ ಕೇಳದ ಕೆಲಸ ಕೇಳಿ: ಲೆಕ್ಕ, ಮೈಕು, ಅತಿಥಿಗಳ ಓಡಾಟ. ಇವುಗಳಲ್ಲಿ ಲೆಕ್ಕವೇ ಉತ್ತಮ. ಲೆಕ್ಕ ಇಟ್ಟವರ ಹತ್ತಿರ ಎಲ್ಲರೂ ಬರಲೇಬೇಕು, ನಾಚಿಕೆ ಸ್ವಭಾವದವರಿಗೂ ತಿಂಗಳೊಳಗೆ ಎಲ್ಲರ ಹೆಸರು ಬಾಯಿಗೆ ಬರುತ್ತದೆ. ಚಂದಾ ಹಣವನ್ನು ನಿಮ್ಮ ಸ್ವಂತ ಖರ್ಚಿನ ಖಾತೆಗೆ ಹಾಕಿಸಿಕೊಳ್ಳಬೇಡಿ. ಎರಡೂ ಬೆರೆತರೆ ಜಗಳ ಖಂಡಿತ. ಬಳಸದೇ ಬಿಟ್ಟ ಇನ್ನೊಂದು ಖಾತೆ ಇದ್ದರೆ ಅದನ್ನು ಇದಕ್ಕೇ ಮೀಸಲಿಡಿ. ಖರ್ಚಾದ ದಿನವೇ ಬಿಲ್ಲಿನ ಫೋಟೋ ಗ್ರೂಪಿಗೆ ಹಾಕಿ, ಪುಸ್ತಕಕ್ಕೆ ಇನ್ನೊಬ್ಬರ ಸಹಿಯೂ ಇರಲಿ.

ನವೆಂಬರ್ 1ರ ರಾಜ್ಯೋತ್ಸವದ ಕೆಲಸ ಸೆಪ್ಟೆಂಬರಿನಲ್ಲೇ ಶುರುವಾಗಬೇಕು. ಸಭಾಂಗಣಕ್ಕೆ ಸಂಚಾಲಕ ಅಧ್ಯಾಪಕರ ಸಹಿಯೊಂದಿಗೆ ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ಮುದ್ರೆ ಬಿದ್ದ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಿದರೆ ಅದೇ ದಿನ ಬೇರೆ ವಿಭಾಗದ ಸೆಮಿನಾರು ಬಂದು ಕೂತಿರುತ್ತದೆ. ಅತಿಥಿಯನ್ನು ನಾಲ್ಕು ವಾರ ಮೊದಲೇ ಒಪ್ಪಿಸಿ, ಹಿಂದಿನ ದಿನ ಮತ್ತೆ ಫೋನ್ ಮಾಡಿ. ವೈಟ್‌ಫೀಲ್ಡಿನಿಂದ ಬಸವನಗುಡಿಗೆ ಕರೆತರುವುದಾದರೆ ಮ್ಯಾಪ್ ತೋರಿಸಿದ್ದಕ್ಕಿಂತ ಒಂದು ಗಂಟೆ ಮುಂಚೆ ಕಾರು ಹೊರಡಲಿ. ಕಾರ್ಡ್‌ಲೆಸ್ ಮೈಕಿಗೆ ಹೊಸ ಸೆಲ್ಲು ಹಾಕಿ, ಇನ್ನೊಂದು ಜೊತೆ ಜೇಬಿನಲ್ಲಿರಲಿ. ನಾಡಗೀತೆಗೆ ಸರ್ಕಾರ ನಿಗದಿ ಮಾಡಿರುವುದು ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು. ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ, ಹಾಡುಗಾರರು ಎಳೆಯುತ್ತಾರೆ. ಬಯಲಿನಲ್ಲಿ ಕಾರ್ಯಕ್ರಮವಿದ್ದರೆ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು, ಆದ್ದರಿಂದ ಸನ್ಮಾನ, ಭಾಷಣಗಳಿಗೆ ಮೊದಲೇ ಕತ್ತರಿ ಹಾಕಿ.

ಈ ಓಡಾಟದಲ್ಲಿ ಹಾಜರಾತಿ ಕೈಕೊಡುತ್ತದೆ. ಸಂಘದ ಕೆಲಸದಲ್ಲಿದ್ದುದಕ್ಕೆ ಹಾಜರಾತಿ ಕೇಳುವ ‘ಆನ್ ಡ್ಯೂಟಿ’ (ಒ.ಡಿ.) ಪತ್ರಕ್ಕೆ ಕಾರ್ಯಕ್ರಮದ ಮುಂಚೆಯೇ ಸಹಿ ಹಾಕಿಸಿ, ಆಮೇಲೆ ಯಾರೂ ಹಾಕುವುದಿಲ್ಲ.

ಡಿಸೆಂಬರಿನಲ್ಲಿ ಬಹುತೇಕ ಸಂಘಗಳು ಮಲಗಿಬಿಡುತ್ತವೆ. ನಿಜವಾದ ಸ್ನೇಹ ಬೆಳೆಯುವುದು ಆಗಲೇ. ವಾರಕ್ಕೊಂದು ಗಂಟೆ ಎಂಟು–ಹತ್ತು ಮಂದಿ ಕೂತು ಒಂದು ಕಥೆಯನ್ನೋ ಕವನವನ್ನೋ ಗಟ್ಟಿಯಾಗಿ ಓದಿ. ಪ್ರತಿ ವಾರ ಬೇರೊಬ್ಬರು ಆರಿಸಲಿ. ಸಭೆಯಲ್ಲಿ ಬಾಯಿ ಬಿಡಲು ಹೆದರುವವರಿಗೆ ಇದಕ್ಕಿಂತ ಸುಲಭದ ಅಭ್ಯಾಸ ಇಲ್ಲ, ಎದುರಿಗೆ ಹಾಳೆ ಇರುತ್ತದೆ, ಮಾತು ತಡಕಬೇಕಿಲ್ಲ. ಕನ್ನಡ ಕಲಿಯುತ್ತಿರುವ ಗೆಳೆಯರಿಗೆ ನಾಲ್ಕು ಸಾಲು ಕೊಟ್ಟು ಪಕ್ಕದಲ್ಲೊಬ್ಬರನ್ನು ಕೂರಿಸಿ, ಉಚ್ಚಾರಣೆ ತಪ್ಪಿದಾಗ ನಗುವವರನ್ನು ಅಲ್ಲೇ ತಡೆಯಿರಿ. ಆಗಾಗ ಜೆ.ಪಿ. ನಗರದ ರಂಗಶಂಕರದಲ್ಲಿ ಒಟ್ಟಿಗೆ ನಾಟಕ ನೋಡಿ. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮುಂಚೆ ಸೇರಿ.

ಸದಸ್ಯತ್ವದ ‘ಪರೀಕ್ಷೆ’ ಎಂದು ಸೀನಿಯರುಗಳು ರಾತ್ರಿ ಕರೆಸಿದರೆ, ಅವಮಾನ ಮಾಡಿದರೆ, ಕುಡಿಯಲು ಒತ್ತಾಯಿಸಿದರೆ ಅದು ಸಲಿಗೆಯಲ್ಲ, ರ‍್ಯಾಗಿಂಗ್. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಪ್ರಕಾರ ಅದು ಅಪರಾಧ. ಮೆಸೇಜುಗಳನ್ನು ಅಳಿಸಬೇಡಿ. ಕಾಲೇಜಿನ ರ‍್ಯಾಗಿಂಗ್ ತಡೆ ಸಮಿತಿಗೆ ಬರೆದುಕೊಡಿ, ಇಲ್ಲವೇ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ಕರೆ ಮಾಡಿ.

ಎರಡನೇ ವರ್ಷ ಒಂದು ಫೈಲು ಮಾಡಿ: ಪತ್ರಗಳ ನಮೂನೆ, ಶಾಮಿಯಾನದವರ ದರ, ಹಿಂದಿನ ಲೆಕ್ಕ, ಎಡವಟ್ಟಾದ ಕಡೆ ಎರಡು ಸಾಲು. ಅದನ್ನು ಹೊಸದಾಗಿ ಬಂದ ಒಬ್ಬ ಜೂನಿಯರ್ ಕೈಗೆ ಕೊಟ್ಟು, ಮುಂದಿನ ಕಾರ್ಯಕ್ರಮದಲ್ಲಿ ನೀವು ಅವರ ಸಹಾಯಕರಾಗಿ ನಿಲ್ಲಿ.