ಅಪ್ಪ-ಅಮ್ಮನ ಜೊತೆ ಅಲಾಸ್ಕಾ ಕ್ರೂಸ್: ಇನ್ಶೂರೆನ್ಸ್ ಆರಿಸಿದ್ದು ಹೀಗೆ

ಜೂನೋ ಅಲಾಸ್ಕಾದ ರಾಜಧಾನಿ. ಆದರೆ ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಹಡಗಿನಲ್ಲಿ. ಕೆಚಿಕನ್ ಇರುವುದು ದ್ವೀಪದ ಮೇಲೆ. ಸ್ಕ್ಯಾಗ್ವೇಗೆ ರಸ್ತೆಯೇನೋ ಇದೆ, ಅದು ಕೆನಡಾದ ಕಡೆಗೆ ಹೋಗುತ್ತದೆ. ಆ ಊರಲ್ಲಿ ಇರುವುದು ಆಸ್ಪತ್ರೆಯಲ್ಲ, ಒಂದು ಕ್ಲಿನಿಕ್. ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಯ ಕ್ರೂಸ್‌ಗಳು ಹೆಚ್ಚಾಗಿ ಸುತ್ತುವುದು ಇವೇ ಊರುಗಳನ್ನು. ಮೈಸೂರಿನಿಂದ ಅಮೆರಿಕದ ನಮ್ಮ ಮನೆಗೆ ಬರಲಿದ್ದ ಅಪ್ಪ-ಅಮ್ಮನನ್ನು ಅಲಾಸ್ಕಾಗೆ ಕರೆದುಕೊಂಡು ಹೋಗೋಣ ಅಂತ ತೀರ್ಮಾನವಾದಾಗ ನಾನು ಮೊದಲು ಬಿಡಿಸಿ ನೋಡಿದ್ದು ಪ್ರೀಮಿಯಂ ಪಟ್ಟಿಯನ್ನಲ್ಲ, ಮ್ಯಾಪನ್ನು.

ಅಪ್ಪನಿಗೆ ಎಪ್ಪತ್ತು ಹತ್ತಿರ. ಬಿಪಿ, ಶುಗರ್ ಎರಡೂ ಇವೆ, ಮಾತ್ರೆಯಿಂದ ಹತೋಟಿಯಲ್ಲಿವೆ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಕ್ರೂಸ್ ಇನ್ಶೂರೆನ್ಸ್ ಅಂದ ತಕ್ಷಣ ಗೆಳೆಯರೆಲ್ಲ ಮಾತಾಡಿದ್ದು ಒಂದೇ: ಟ್ರಿಪ್ ಕ್ಯಾನ್ಸಲ್ ಆದರೆ ದುಡ್ಡು ವಾಪಸ್ ಬರುತ್ತಾ? ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇತ್ತು. ನಡು ಸಮುದ್ರದಲ್ಲಿ ಅಪ್ಪನಿಗೆ ಎದೆನೋವು ಬಂದರೆ ಯಾರು ಇಳಿಸುತ್ತಾರೆ, ಎಲ್ಲಿಗೆ ಸೇರಿಸುತ್ತಾರೆ, ಯಾರು ದುಡ್ಡು ಕೊಡುತ್ತಾರೆ? ಇದನ್ನು ಫೋನಿನಲ್ಲಿ ಬಾಯಿಬಿಟ್ಟು ಹೇಳಿದರೆ ಅಮ್ಮ "ಬಿಡ್ತು ಅನ್ನು" ಅಂತ ಬೈದರು. ಆಮೇಲೆ ಅವರಿಗೆ ಹೇಳದೆಯೇ ಪಾಲಿಸಿ ಓದಿದೆ.

ದೊಡ್ಡ ಹಡಗುಗಳಲ್ಲಿ ಮೆಡಿಕಲ್ ಸೆಂಟರ್ ಚೆನ್ನಾಗಿಯೇ ಇರುತ್ತದೆ. ಡಾಕ್ಟರ್, ನರ್ಸ್, ಎಕ್ಸ್-ರೇ, ಇಸಿಜಿ, ರಕ್ತಪರೀಕ್ಷೆ ಎಲ್ಲ ಉಂಟು. ಆದರೆ ಅವರ ಕೆಲಸ ರೋಗಿಯನ್ನು ಒಂದು ಸ್ಥಿತಿಗೆ ತಂದು ದಡ ಮುಟ್ಟಿಸುವುದು. ಆಂಜಿಯೋಪ್ಲಾಸ್ಟಿ ಅಲ್ಲಿ ಆಗುವುದಿಲ್ಲ. ಇನ್ಶೂರೆನ್ಸ್ ಕಾರ್ಡ್ ತೋರಿಸಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ, ಬಿಲ್ಲು ನೇರ ಕ್ಯಾಬಿನ್ ಖಾತೆಗೆ ಬೀಳುತ್ತದೆ. ಮೊದಲು ನಾವು ಕಟ್ಟಿ, ಊರಿಗೆ ಬಂದಮೇಲೆ ಕ್ಲೇಮ್ ಮಾಡಬೇಕು. ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋದರೆ ಅದಕ್ಕೆ ಅವರು ದುಡ್ಡು ಕೇಳುವುದಿಲ್ಲ. ಖರ್ಚು ಶುರುವಾಗುವುದು ಅಲ್ಲಿಂದ ಮುಂದೆ. ಜೂನೋದಿಂದ ಸಿಯಾಟಲ್‌ನ ದೊಡ್ಡ ಆಸ್ಪತ್ರೆಗೆ ಏರ್ ಆಂಬುಲೆನ್ಸ್ ಬೇಕು ಅಂದರೆ ಹತ್ತಾರು ಸಾವಿರ ಡಾಲರ್ ಮಾತು.

ಕ್ರೂಸ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಚೌಕ ಬರುತ್ತದಲ್ಲ, "ನಮ್ಮ ಪ್ರೊಟೆಕ್ಷನ್ ಪ್ಲಾನ್ ಬೇಕಾ" ಅಂತ, ಅದನ್ನು ಟಿಕ್ ಮಾಡುವ ಮೊದಲು ಒಳಗಿನ ಪಟ್ಟಿ ತೆಗೆದು ನೋಡಿದೆ. ಕೆಟ್ಟದ್ದೇನಲ್ಲ. ಆದರೆ ನಾನು ನೋಡಿದ ಪ್ಲಾನ್‌ಗಳಲ್ಲಿ ಚಿಕಿತ್ಸೆಯ ಮತ್ತು ಇವ್ಯಾಕ್ಯುಯೇಷನ್ನಿನ, ಅಂದರೆ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವುದರ, ಮಿತಿ ಕಡಿಮೆ. ಹಡಗಿನ ಕಂಪನಿಯಿಂದ ಕೊಂಡದ್ದಕ್ಕಷ್ಟೇ ರಕ್ಷಣೆ, ನಾವೇ ಬೇರೆ ಕಡೆ ತೆಗೆದ ವಿಮಾನದ ಟಿಕೆಟ್ ಅದರಲ್ಲಿ ಬರುವುದಿಲ್ಲ. ಯಾವ ಕಾರಣಕ್ಕಾದರೂ ಕ್ಯಾನ್ಸಲ್ ಮಾಡಬಹುದು ಅನ್ನುತ್ತಾರೆ ನಿಜ, ಆಗ ಕೈಗೆ ಬರುವುದು ಹೆಚ್ಚಿನ ಪಾಲು ನಗದಲ್ಲ, ಮುಂದಿನ ಕ್ರೂಸ್‌ಗೆ ಕ್ರೆಡಿಟ್. ವರ್ಷವರ್ಷ ಕ್ರೂಸ್ ಹೋಗುವವರಿಗೆ ಅದು ಸರಿ. ಮೈಸೂರಿಗೆ ವಾಪಸ್ ಹೋಗುವ ಅಪ್ಪ ಆ ಕ್ರೆಡಿಟ್ ಇಟ್ಕೊಂಡು ಏನು ಮಾಡ್ತಾರೆ?

ನನಗೆ, ಹೆಂಡತಿಗೆ, ಮಗಳಿಗೆ ಬೇರೆ ಕಂಪನಿಯ ಟ್ರಿಪ್ ಇನ್ಶೂರೆನ್ಸ್ ತೆಗೆದುಕೊಂಡೆ. ಇದರಲ್ಲಿ ಕೆಲಸ ಕಡಿಮೆ. ಚಿಕಿತ್ಸೆಗೆ ಕನಿಷ್ಠ ಒಂದು ಲಕ್ಷ ಡಾಲರ್, ಇವ್ಯಾಕ್ಯುಯೇಷನ್‌ಗೆ ಎರಡೂವರೆ ಲಕ್ಷ ಅಂತ ಗೆರೆ ಎಳೆದುಕೊಂಡೆ. ಅದಕ್ಕಿಂತ ಕೆಳಗಿನವನ್ನು ಓದಲೇ ಇಲ್ಲ. ಒಂದು ವಿಷಯ ಮಾತ್ರ ತಡ ಮಾಡುವ ಹಾಗಿಲ್ಲ. ಮೊದಲಿಂದ ಇರುವ ಕಾಯಿಲೆಗೂ ರಕ್ಷಣೆ ಬೇಕೆಂದರೆ, ಮೊದಲ ಡೆಪಾಸಿಟ್ ಕಟ್ಟಿದ ಎರಡು-ಮೂರು ವಾರದೊಳಗೆ ಪಾಲಿಸಿ ಕೊಳ್ಳಬೇಕು ಅಂತ ಹೆಚ್ಚಿನ ಕಂಪನಿಗಳ ಷರತ್ತು. ಇನ್ನೊಂದು ಅನುಕೂಲವೂ ಇದೆ: ಕೊಂಡ ಮೇಲೆ ಹತ್ತು ದಿನವೋ ಎರಡು ವಾರವೋ ಇಟ್ಟುಕೊಂಡು ಓದಿ, ಬೇಡವಾದರೆ ಪೂರ್ತಿ ದುಡ್ಡು ವಾಪಸ್ ಪಡೆಯಬಹುದು. ನಾನು ಮೊದಲು ಕೊಂಡದ್ದನ್ನು ಹಾಗೆ ವಾಪಸ್ ಮಾಡಿದೆ. ಮಧ್ಯದಲ್ಲಿ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಹೋಗಿ ಸೇರಿಕೊಳ್ಳುವ ಖರ್ಚಿಗೆ ಅದರಲ್ಲಿ ತೀರಾ ಚಿಲ್ಲರೆ ಇಟ್ಟಿದ್ದರು. ಸಿಯಾಟಲ್‌ಗಂತೂ ಹಿಂದಿನ ದಿನವೇ ಹೋಗಿ ಉಳಿದೆವು. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ.

ನಿಜವಾದ ತಲೆನೋವು ಅಪ್ಪ-ಅಮ್ಮನದು. ಅಮೆರಿಕದ ಟ್ರಿಪ್ ಇನ್ಶೂರೆನ್ಸ್ ಪ್ಲಾನ್‌ಗಳಲ್ಲಿ ಬಹಳಷ್ಟು ಇಲ್ಲಿನ ನಿವಾಸಿಗಳಿಗೆ ಮಾತ್ರ. ಅವರ ವಿಳಾಸ ಕುವೆಂಪುನಗರದ್ದು. ಉಳಿದದ್ದು ಎರಡು ದಾರಿ: ಭಾರತದಲ್ಲೇ ತೆಗೆಯುವ ಓವರ್‌ಸೀಸ್ ಪಾಲಿಸಿ, ಇಲ್ಲವೇ ಇಲ್ಲಿ ಸಿಗುವ ವಿಸಿಟರ್ ಇನ್ಶೂರೆನ್ಸ್. ಭಾರತದ್ದನ್ನು ವಿಮಾನ ಹತ್ತುವ ಮೊದಲೇ ಕೊಳ್ಳಬೇಕಾದ್ದರಿಂದ ಅವರು ಹೊರಡುವ ಮುಂಚೆಯೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಭಾರತದ ಪಾಲಿಸಿ ಅಗ್ಗ. ಆದರೆ ನಮಗೆ ಸಿಕ್ಕಿದವುಗಳಲ್ಲಿ ವಯಸ್ಸಾದವರಿಗೆ ಐಸಿಯುಗೆ ಇಷ್ಟು, ಆಪರೇಷನ್‌ಗೆ ಇಷ್ಟು ಅಂತ ಒಳಮಿತಿಗಳಿದ್ದವು. ಮೇಲೆ ದೊಡ್ಡ ಮೊತ್ತ ಬರೆದಿರುತ್ತದೆ, ಒಳಗೆ ಕತ್ತರಿ. ಇಲ್ಲಿನ ವಿಸಿಟರ್ ಪ್ಲಾನ್‌ಗಳಲ್ಲೂ ಇಂಥದೇ ಒಂದು ಬಗೆ ಇದೆ, ಫಿಕ್ಸೆಡ್ ಬೆನಿಫಿಟ್ ಅಂತ. ಅದನ್ನೂ ಬಿಟ್ಟೆ. ಹೀಗೆ ಒಂದೊಂದಕ್ಕೂ ಇಷ್ಟೇ ಅಂತ ಕತ್ತರಿ ಹಾಕದ, ಕಾಂಪ್ರಹೆನ್ಸಿವ್ ಅನ್ನುವ ಬಗೆಯದನ್ನೇ ನೋಡಿದೆ.

ಅಲ್ಲಿ "ಅಕ್ಯೂಟ್ ಆನ್‌ಸೆಟ್" ಅನ್ನುವ ಭಾಗವನ್ನು ಪೆನ್ನು ಹಿಡಿದು ಓದಿದೆ. ಮೊದಲಿಂದ ಇರುವ ಕಾಯಿಲೆ ಯಾವ ಮುನ್ಸೂಚನೆಯೂ ಇಲ್ಲದೆ ತಟ್ಟನೆ ಕೆರಳಬೇಕು, ಇಪ್ಪತ್ತನಾಲ್ಕು ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು. ಹಾಗಾದರೆ ಮಾತ್ರ ದುಡ್ಡು. ನಾಲ್ಕು ದಿನದಿಂದ ಸುಸ್ತು ಅಂತಿದ್ದೆ, ಇವತ್ತು ಜಾಸ್ತಿ ಆಯ್ತು ಅಂದರೆ ಇಲ್ಲ. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಾಗದೆ ಹೋಗುವುದು ಮುಂದಿನ ಸಾಲು. ಒಂದು ಪಾಲಿಸಿಯ ಮೊದಲ ಪುಟದಲ್ಲಿ ಇವ್ಯಾಕ್ಯುಯೇಷನ್‌ಗೆ ಹತ್ತು ಲಕ್ಷ ಡಾಲರ್ ಅಂತ ದಪ್ಪಕ್ಷರದಲ್ಲಿತ್ತು. ಒಳಗೆ, ಅದೇ ಅಕ್ಯೂಟ್ ಆನ್‌ಸೆಟ್ ಆದರೆ ಇವ್ಯಾಕ್ಯುಯೇಷನ್‌ಗೆ ಇಪ್ಪತ್ತೈದು ಸಾವಿರ ಮಾತ್ರ. ಅಂದರೆ ಅಪ್ಪ ಡೆಕ್ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಹತ್ತು ಲಕ್ಷ. ಬಿಪಿಯಿಂದ ಸ್ಟ್ರೋಕ್ ಆದರೆ ಇಪ್ಪತ್ತೈದು ಸಾವಿರ. ನನಗೆ ಭಯ ಇದ್ದದ್ದು ಎರಡನೆಯದಕ್ಕೇ ಅಲ್ವಾ?

ಚಿಕಿತ್ಸೆಯ ಭಾಗ ಚೆನ್ನಾಗಿತ್ತು, ಹಾಗಾಗಿ ಆ ಪಾಲಿಸಿಯನ್ನು ಬಿಡಲಿಲ್ಲ. ರೋಗಿಯನ್ನು ಸಾಗಿಸುವುದಕ್ಕೆ ಮಾತ್ರ ಮೆಂಬರ್‌ಶಿಪ್ ಮಾರುವ ಕಂಪನಿಗಳಿವೆ. ಆಸ್ಪತ್ರೆ ಬಿಲ್ಲು ಅವರು ಕಟ್ಟುವುದಿಲ್ಲ, ಕರೆದುಕೊಂಡು ಹೋಗುತ್ತಾರೆ ಅಷ್ಟೆ. ವಯಸ್ಸಿನ ಮಿತಿ ಇರುತ್ತದೆ, ಹಳೆಯ ಕಾಯಿಲೆಗಳ ಬಗ್ಗೆ ಷರತ್ತುಗಳೂ ಇರುತ್ತವೆ. ಅಪ್ಪನ ಬಿಪಿ, ಶುಗರ್ ಎರಡನ್ನೂ ಹೇಳಿ, ಆದರೂ ಸಾಗಿಸುತ್ತೀರಾ ಅಂತ ಕೇಳಿ, ಹೌದು ಅಂತ ಬರೆದುಕೊಟ್ಟ ಮೇಲೆ ಅವರೊಬ್ಬರಿಗೆ ಕ್ರೂಸ್‌ನ ಅವಧಿಗಷ್ಟೇ ಅದನ್ನು ತೆಗೆದುಕೊಂಡೆ. ಅಮ್ಮನಿಗೆ ವಿಸಿಟರ್ ಪ್ಲಾನ್ ಒಂದೇ ಸಾಕಾಯಿತು. ಅವರಿಬ್ಬರ ಕ್ಯಾಬಿನ್ ದುಡ್ಡಿಗೆ ಕ್ಯಾನ್ಸಲೇಷನ್ ರಕ್ಷಣೆ ತೆಗೆಯಲೇ ಇಲ್ಲ. ಅದು ಹೋದರೆ ಒಂದು ತಿಂಗಳು ಬೇಜಾರು. ಏರ್ ಆಂಬುಲೆನ್ಸ್ ಬಿಲ್ಲು ಬಂದರೆ ಮನೆ ಸಾಲದ ಜೊತೆ ಇನ್ನೊಂದು ಸಾಲ.

ಕೆನಡಾದ ಗಂಟು ಒಂದು ಉಳಿದಿತ್ತು. ಅಮೆರಿಕದಲ್ಲಿ 1886ರ ಹಳೆಯ ಕಾನೂನೊಂದಿದೆ. ವಿದೇಶಿ ಬಾವುಟದ ಹಡಗು ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಮರಳುವುದಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಕ್ರೂಸ್ ಹಡಗುಗಳೆಲ್ಲ ಹೆಚ್ಚುಕಡಿಮೆ ಬಹಾಮಾಸ್, ಪನಾಮಾದಂಥ ಕಡೆ ನೋಂದಣಿಯಾದವು. ಅದಕ್ಕೇ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಸುಮ್ನೆ ಕೆಲವು ಗಂಟೆ ನಿಲ್ಲಿಸುತ್ತಾರೆ. ಆ ಕೆಲವು ಗಂಟೆಗಾಗಿ ಅಪ್ಪ-ಅಮ್ಮನಿಗೆ ಕೆನಡಾ ವೀಸಾ ಮಾಡಿಸಿದೆ. ಕಾಗದಪತ್ರ ಸರಿಯಿಲ್ಲ ಅಂತ ಹಡಗು ಹತ್ತಿಸದಿದ್ದರೆ ಇನ್ಶೂರೆನ್ಸ್ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ಜೊತೆಗೆ ಪಾಲಿಸಿ ಕೆನಡಾದಲ್ಲಿ, ಅಂತರರಾಷ್ಟ್ರೀಯ ನೀರಿನಲ್ಲಿ, ಹಡಗಿನ ಡಾಕ್ಟರ್ ಹತ್ತಿರ ನಡೆಯುತ್ತದಾ ಅಂತ ಕಂಪನಿಗೆ ಮೇಲ್ ಹಾಕಿ ಉತ್ತರ ತರಿಸಿಕೊಂಡೆ. ಫೋನಿನಲ್ಲಿ "ಯೆಸ್ ಸರ್" ಅಂದದ್ದು ಕ್ಲೇಮ್ ದಿನ ಯಾರಿಗೂ ನೆನಪಿರುವುದಿಲ್ಲ. ಜೂನೋದಲ್ಲಿ ಹೆಲಿಕಾಪ್ಟರ್‌ನಲ್ಲಿ ಹಿಮನದಿ ಮೇಲೆ ಇಳಿಯಬೇಕು ಅಂತ ಅಪ್ಪನಿಗೆ ಬಹಳ ಆಸೆ. ಅದೂ ಪಾಲಿಸಿಯೊಳಗೆ ಇದೆಯಾ ಅಂತ ಅದೇ ಮೇಲ್‌ನಲ್ಲಿ ಕೇಳಿದೆ. ಇದೆ ಅಂದರು. ಅವತ್ತು ಮೋಡ ಕವಿದು ಹಾರಾಟವೇ ರದ್ದಾಯಿತು, ಅದು ಬೇರೆ ಮಾತು.

ಹಡಗಿನಲ್ಲಿ ಆದದ್ದು ಇಷ್ಟೇ. ಸ್ಕ್ಯಾಗ್ವೇ ಬಿಟ್ಟ ರಾತ್ರಿ ಅಪ್ಪನಿಗೆ ಜ್ವರ, ಕೆಮ್ಮು. ಅಮ್ಮ ಬ್ಯಾಗಿನಿಂದ ಶುಂಠಿ, ಕಾಳುಮೆಣಸಿನ ಪುಡಿ ತೆಗೆದು ಕಷಾಯಕ್ಕೆ ಬಿಸಿನೀರು ಹುಡುಕುತ್ತಿದ್ದರು. ನಾನು ಬಲವಂತ ಮಾಡಿ ಮೆಡಿಕಲ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಎದೆಯ ಎಕ್ಸ್-ರೇ, ರಕ್ತಪರೀಕ್ಷೆ, ಆಂಟಿಬಯಾಟಿಕ್. ಕ್ಯಾಬಿನ್ ಖಾತೆಗೆ ಸಾವಿರ ಡಾಲರ್ ಮೇಲೆ ಬಿತ್ತು. ಇಳಿಯುವ ಮೊದಲು ಮೂರು ಕಾಗದ ಕೇಳಿ ಪಡೆದೆ: ಯಾವುದಕ್ಕೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆದ ಬಿಲ್ಲು, ಡಾಕ್ಟರ್ ಬರೆದ ಟಿಪ್ಪಣಿ, ದುಡ್ಡು ಕಟ್ಟಿದ್ದಕ್ಕೆ ಕ್ಯಾಬಿನ್ ಖಾತೆಯ ಕೊನೆಯ ಸ್ಟೇಟ್‌ಮೆಂಟ್. ಹಡಗು ಬಿಟ್ಟಮೇಲೆ ಇವನ್ನು ತರಿಸಿಕೊಳ್ಳುವುದು ಸುಲಭವಲ್ಲ.

ಡಾಕ್ಟರ್ ಟಿಪ್ಪಣಿಯಲ್ಲಿ ಬಿಪಿ, ಶುಗರ್ ಅಂತ ಇದ್ದದ್ದನ್ನು ನೋಡಿ ಕಂಪನಿಯವರು ಹಳೆಯ ದಾಖಲೆ ಕೇಳಿದರು. ನಿರೀಕ್ಷೆ ಇದ್ದದ್ದೇ. ಹೊರಡುವ ಮೊದಲೇ ಮೈಸೂರಿನ ನಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಲೆಟರ್‌ಹೆಡ್ಡಿನಲ್ಲಿ ಬರೆಸಿಟ್ಟುಕೊಂಡಿದ್ದೆ: ಯಾವ ಕಾಯಿಲೆ, ಯಾವ ಮಾತ್ರೆ, ಇತ್ತೀಚೆಗೆ ಡೋಸ್ ಬದಲಾಗಿಲ್ಲ, ಶ್ವಾಸಕೋಶದ ತೊಂದರೆ ಹಿಂದೆ ಇರಲಿಲ್ಲ. ಅದನ್ನು ಕಳಿಸಿದೆ. ಡಿಡಕ್ಟಿಬಲ್, ಅಂದರೆ ನಾವೇ ಕೈಯಿಂದ ಹಾಕಬೇಕಾದ ಪಾಲು, ಕಳೆದು ಉಳಿದದ್ದು ಬಂತು, ನಿಧಾನವಾಗಿ.

ಈಗ ಅತ್ತೆ-ಮಾವ ಮೆಡಿಟರೇನಿಯನ್ ಕ್ರೂಸ್ ಕೇಳುತ್ತಿದ್ದಾರೆ, ಬಾರ್ಸಿಲೋನಾದಿಂದ. ಯುರೋಪಿನ ಷೆಂಗೆನ್ ವೀಸಾಗೆ ಕನಿಷ್ಠ 30,000 ಯೂರೋ ಮೆಡಿಕಲ್ ಇನ್ಶೂರೆನ್ಸ್ ಕಡ್ಡಾಯ. ಏಜೆಂಟ್ ಹೇಳುವುದು, ಅಷ್ಟಿದ್ದರೆ ಆಯ್ತು ಸರ್ ಅಂತ. ವೀಸಾಗೆ ಆಯ್ತು, ಸರಿ. ಮಾವನಿಗೆ ಸ್ಟೆಂಟ್ ಹಾಕಿದೆ. ಆ ಪಾಲಿಸಿಯ ಪೂರ್ತಿ ಪಿಡಿಎಫ್ ಕಳಿಸಿ ಅಂದಿದ್ದೇನೆ. ಇಲ್ಲಿಯವರೆಗೆ ಬಂದಿರುವುದು ಎರಡು ಪುಟದ ಬ್ರೋಷರ್ ಮಾತ್ರ.