ಕೋಟೆ ತೋರಿಸೋಕೆ ನಾನು ಹಿಡಿದ ನೀರಿನ ದಾರಿ

ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಚಿತ್ರದುರ್ಗದ ಕೋಟೆಗೆ ಕರ್ಕೊಂಡು ಹೋಗೋದು ನನ್ನ ಪಾಲಿಗೆ ಬಂದ ಕೆಲಸ. ಹೆಚ್ಚು ಕಡಿಮೆ 60 ಕಿಲೋಮೀಟರ್, ಬೆಳಗ್ಗೆ ಹೊರಟರೆ ಸಂಜೆಗೆ ಮನೆ.

ಮೊದಲ ವರ್ಷ ಹೋಗಿದ್ದು ಮಾರ್ಚ್‌ನಲ್ಲಿ. ಅದೇ ದೊಡ್ಡ ತಪ್ಪು. ಕೈಯಲ್ಲಿ ನಾಯಕರ ವಂಶಾವಳಿ ಬರೆದ ಹಾಳೆ. 1568ರಲ್ಲಿ ತಿಮ್ಮಣ್ಣ ನಾಯಕರಿಂದ ಶುರು ಮಾಡಿ 1779ರಲ್ಲಿ ಕೊನೆಯ ಮದಕರಿ ನಾಯಕರವರೆಗೆ, ಒಂದೊಂದು ಬಾಗಿಲ ಹತ್ತಿರ ನಿಲ್ಲಿಸಿ ಒಬ್ಬೊಬ್ಬರ ಬಗ್ಗೆ ಹೇಳ್ತಾ ಹೋದೆ. ಮೂರನೇ ಬಾಗಿಲಿಗೇ ಅರ್ಧ ಜನ ಕೋತಿ ನೋಡ್ತಾ ನಿಂತಿದ್ದರು. ಹನ್ನೊಂದು ಗಂಟೆಗೆ ಎಲ್ಲರ ಬಾಟಲಿ ಖಾಲಿ. ಒಬ್ಬ ಹುಡುಗಿ ತಲೆ ಸುತ್ತುತ್ತೆ ಅಂತ ಬಂಡೆ ನೆರಳಲ್ಲಿ ಕೂತೇಬಿಟ್ಟಳು. ಆಗ ಜಗಳೂರು ಕಡೆಯ ಒಬ್ಬ ಹುಡುಗ, ಅವನ ಊರಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ನೀರೇ ಗತಿ, ಸುಮ್ನೆ ಕೇಳಿದ: "ಸರ್, ಈ ಗುಡ್ಡದ ಮೇಲೆ ಅಷ್ಟು ಮಂದಿ ಇದ್ರಲ್ಲ, ಅವರಿಗೆ ನೀರು ಎಲ್ಲಿಂದ?"

ನನ್ನ ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. "ಹೊಂಡಗಳಿದ್ದವು" ಅಂದೆ. "ಹೊಂಡಕ್ಕೆ?" ಅಂದ. ಊಟದ ಹೊತ್ತಾಯ್ತು ಅಂತ ಹೇಳಿ ತಪ್ಪಿಸಿಕೊಂಡೆ.

ಆ ಪ್ರಶ್ನೆ ಬಿಡಲಿಲ್ಲ. ಅದೇ ವರ್ಷ ಮಳೆಗಾಲದಲ್ಲಿ ಒಂದು ಭಾನುವಾರ ಒಬ್ಬನೇ ಹೋದೆ. ಸಣ್ಣ ಮಳೆ, ಜನ ಇಲ್ಲ. ಕೋಟೆಯಲ್ಲಿ ಎಷ್ಟು ಬರಿ ಬಂಡೆ ಇದೆ ಅನ್ನೋದು ಮಳೆ ಬಿದ್ದಾಗಲೇ ಗೊತ್ತಾಗೋದು. ಮಣ್ಣಾದರೆ ನೀರು ಇಂಗುತ್ತೆ, ಬಂಡೆ ಮೇಲೆ ಬಿದ್ದ ನೀರು ಎಲ್ಲಿಗಾದರೂ ಹೋಗಲೇಬೇಕು ಅಲ್ವಾ? ಕೊಡೆ ಹಿಡ್ಕೊಂಡು ಅದರ ಹಿಂದೆಯೇ ನಡೆದೆ.

ಮೇಲೆ ಗೋಪಾಲಸ್ವಾಮಿ ಹೊಂಡ. ಸುತ್ತಲ ಬಂಡೆಗಳ ನೀರು ಇಲ್ಲಿ ಸೇರುತ್ತೆ. ಇದು ತುಂಬಿದ ಮೇಲೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ. ಅದೂ ತುಂಬಿದರೆ ಊರೊಳಗಿನ ಸಂತೆ ಹೊಂಡ. ಅಂದರೆ ಗುಡ್ಡದ ತುದಿಯಲ್ಲಿ ಬಿದ್ದ ಮಳೆ ಕೋಟೆಯವರ ದಾಹ ತೀರಿಸಿ, ಮಿಕ್ಕಿದ್ದು ಪೇಟೆಗೆ ಹೋಗ್ತಿತ್ತು. ಪಂಪಿಲ್ಲ, ಪೈಪಿಲ್ಲ, ಬರೀ ಇಳಿಜಾರು. ಇನ್ನೂರು ವರ್ಷ ಈ ಊರು ರಾಜಧಾನಿಯಾಗಿ ಉಳಿದಿದ್ದು ಏಳು ಸುತ್ತಿನ ಗೋಡೆಯಿಂದ ಅಂತ ನಾನು ಪಾಠ ಮಾಡ್ತಿದ್ದೆ. ಮಳೆ ಕಡಿಮೆ ಇರೋ ಈ ಸೀಮೆಯಲ್ಲಿ ಗೋಡೆ ಎಷ್ಟಿದ್ದರೇನು, ಒಳಗೆ ಕುಡಿಯೋಕೆ ನೀರಿಲ್ಲದಿದ್ದರೆ ಶತ್ರು ಬಾಗಿಲು ಒಡೆಯೋದೇ ಬೇಡ, ಹೊರಗೆ ಡೇರೆ ಹಾಕ್ಕೊಂಡು ಕೂತರೆ ಸಾಕು.

ಈಗ ನಾನು ತೋರಿಸೋದೇ ಬೇರೆ ಥರ. ಹೋಗೋದು ಮಳೆಗಾಲ ಮುಗಿಯುವ ಹೊತ್ತಿಗೆ, ದಸರಾ ರಜೆ ಆದಮೇಲೆ. ಹೊಂಡಗಳಲ್ಲಿ ನೀರಿರುತ್ತೆ. ಒಬ್ಬೊಬ್ಬರಿಗೆ ಎರಡು ಬಾಟಲಿ ಕಡ್ಡಾಯ. ಒಂದು ಕುಡಿಯೋಕೆ, ಇನ್ನೊಂದು ಯಾಕೆ ಅಂತ ಮೊದಲೇ ಹೇಳಲ್ಲ. ತಿಂಡಿ ಡಬ್ಬಿ ಬ್ಯಾಗಿನೊಳಗೇ ಇರಬೇಕು. ಒಂದು ವರ್ಷ ಮಂಡಕ್ಕಿ ಒಗ್ಗರಣೆಯ ಪೂರ್ತಿ ಡಬ್ಬಿಯನ್ನೇ ಕೋತಿ ಎತ್ತಿಕೊಂಡು ಹೋಯ್ತು. ಅದು ಮುಚ್ಚಳ ತೆಗೆದ ಚಂದ ನೋಡಿ ನಮಗೆ ಬೈಯೋಕೂ ಮನಸ್ಸಾಗಲಿಲ್ಲ.

ಹತ್ತುವಾಗ ಜಾಸ್ತಿ ಮಾತಾಡಲ್ಲ. ಬಾಗಿಲುಗಳ ಹತ್ತಿರ ದಾರಿ ಹೇಗೆ ತಿರುಗುತ್ತೆ ಅಂತ ಮಾತ್ರ ನೋಡಿಸ್ತೀನಿ. ನೇರ ದಾರಿ ಇದ್ದರೆ ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಹುದು, ಹೀಗೆ ತಿರುವಿದ್ದರೆ ಅದಕ್ಕೆ ಓಡೋಕೆ ಜಾಗವೇ ಸಿಗಲ್ಲ. ಗೋಡೆಯ ಕಲ್ಲಿನ ಅಂಚಲ್ಲಿ ಸಾಲಾಗಿ ಉಳಿ ಹೊಡೆದ ಗುಳಿಗಳಿವೆ, ಬಂಡೆ ಸೀಳಿದ ಗುರುತು. ಮಕ್ಕಳು ಅದರಲ್ಲಿ ಬೆರಳಿಟ್ಟು ನೋಡ್ತಾರೆ. ಸಿಡಿಮದ್ದು ಬೀಸುವ ಕಲ್ಲುಗಳ ಹತ್ತಿರ ಮಾತ್ರ ಅವರೇ ನಿಲ್ಲುತ್ತಾರೆ, ಗುಂಡಿಯೊಳಗಿನ ಆ ದೊಡ್ಡ ಕಲ್ಲಿನ ಚಕ್ರ ನೋಡಿದರೆ ಯಾರಾದರೂ ನಿಲ್ಲಲೇಬೇಕು. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಮೂರೂ ಗುಡಿಗೆ ಕೈ ಮುಗಿದು ಮೇಲೆ ಹೋಗ್ತೀವಿ.

ಮೇಲೆ ಹೋದಮೇಲೆ ಎರಡನೇ ಬಾಟಲಿ. ಒಂದು ಬೋಳು ಬಂಡೆ ನೋಡಿ, ಇದರ ಮೇಲೆ ನೀರು ಹಾಕಿದರೆ ಯಾವ ಕಡೆ ಹೋಗುತ್ತೆ ಅಂತ ಕೇಳ್ತೀನಿ. ಎಲ್ಲರೂ ಬಾಜಿ ಕಟ್ತಾರೆ. ಆಮೇಲೆ ಒಬ್ಬರಿಂದ ಸುರಿಸ್ತೀನಿ. ಬಿಸಿ ಕಲ್ಲಿನ ಮೇಲೆ ನೀರು ಮೊದಲು ಅಗಲವಾಗಿ ಹರಡುತ್ತೆ, ಎತ್ತ ಹೋಗಬೇಕು ಅಂತ ಯೋಚನೆ ಮಾಡೋ ಥರ ಒಂದು ಗಳಿಗೆ ನಿಲ್ಲುತ್ತೆ, ಆಮೇಲೆ ಒಂದೇ ಎಳೆಯಾಗಿ ಸರ್ರನೆ ಇಳಿಯುತ್ತೆ. ಹೋದ ಸಲ ಬಾಜಿ ಸೋತವರಲ್ಲಿ ನಾನೂ ಒಬ್ಬ. ನಮ್ಮ ಕಣ್ಣಿಗೆ ಚಪ್ಪಟೆಯಾಗಿ ಕಾಣೋ ಬಂಡೆಯ ಇಳಿಜಾರು ಆಗಿನ ಒಡ್ಡರಿಗೆ, ಕಲ್ಲುಕುಟಿಗರಿಗೆ ಗೊತ್ತಿತ್ತಲ್ಲ ಅಂತ ಆಗ ಅನ್ನಿಸಿತು. ಇದಾದ ಮೇಲೆ ನಾನು ಪಾಠ ಮಾಡೋದೇ ಬೇಕಾಗಲ್ಲ, ಹೊಂಡದಿಂದ ಹೊಂಡಕ್ಕೆ ಅವರೇ ದಾರಿ ಹುಡುಕ್ತಾ ಇಳಿಯುತ್ತಾರೆ. ಅಂಚಿಗೆ ಮಾತ್ರ ಬಿಡಬೇಡಿ, ಪಾಚಿ ಕಟ್ಟಿರುತ್ತೆ.

ಓಬವ್ವನ ಕಿಂಡಿಗೆ ಹೋಗದೆ ಯಾವ ಮಕ್ಕಳೂ ಬಿಡಲ್ಲ. ಒನಕೆ, ಹೆಣದ ರಾಶಿ, ಸಿನಿಮಾದಲ್ಲಿ ನೋಡಿದ್ದು ಎಲ್ಲರಿಗೂ ಬಾಯಿಪಾಠ. ನಾನು ಒಂದೇ ಪ್ರಶ್ನೆ ಕೇಳ್ತೀನಿ: ಓಬವ್ವ ಆ ಹೊತ್ತಲ್ಲಿ ಅಲ್ಲಿಗೆ ಯಾಕೆ ಹೋಗಿದ್ದಳು? ಒಬ್ಬಿಬ್ಬರಿಗೆ ಬಿಟ್ಟರೆ ಯಾರಿಗೂ ನೆನಪಿರಲ್ಲ. ಕಾವಲುಗಾರ ಗಂಡ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದ, ಅವನಿಗೆ ಕುಡಿಯೋಕೆ ನೀರು ತರಲು ಹೋಗಿದ್ದಳು. ಆ ತಣ್ಣೀರು ದೋಣಿ ಕಿಂಡಿಯ ಹತ್ತಿರವೇ ಇದೆ. ಅಷ್ಟು ಸಣ್ಣ ನೀರಿನ ಜಾಗ ನೋಡಿ ಮಕ್ಕಳು "ಇದೇನಾ ಸರ್?" ಅಂತಾರೆ. ಇದೇ. ಹೈದರಾಲಿಯ ಸೈನಿಕರು ಒಳಗೆ ನುಸುಳಿದ್ದು ಕೊಡ ಹಿಡಿದು ಬಂದವಳ ಕಣ್ಣಿಗೆ ಬಿತ್ತು. ಕೊನೆಗೆ 1779ರಲ್ಲಿ ಹೈದರ್ ಕೋಟೆ ಗೆದ್ದ, ಮದಕರಿಯನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಒಳಗಿನವರೇ ಕೈಕೊಟ್ಟರು ಅಂತ ದುರ್ಗದ ಜನ ಈಗಲೂ ಹೇಳ್ತಾರೆ. ಹೊಂಡ ಬತ್ತಿ ಸೋತರು ಅಂತ ಮಾತ್ರ ನಾನು ಯಾರ ಬಾಯಲ್ಲೂ ಕೇಳಿಲ್ಲ.

ಊಟಕ್ಕೆ ಚಂದ್ರವಳ್ಳಿಗೆ ಹೋಗ್ತೀವಿ. ಸಾಮಾನ್ಯವಾಗಿ ಎಲ್ಲರೂ ಅಂಕಲಿ ಮಠದ ಗುಹೆಗೆ ನುಗ್ಗುತ್ತಾರೆ, ನಾನು ಮೊದಲು ಭೈರವೇಶ್ವರ ಗುಡಿ ಹತ್ತಿರದ ಬಂಡೆ ಶಾಸನ ತೋರಿಸ್ತೀನಿ. ಕದಂಬರ ಮಯೂರಶರ್ಮನದು, ನಾಲ್ಕನೇ ಶತಮಾನ. ಬ್ರಾಹ್ಮಿ ಅಕ್ಷರ, ನೋಡಿದರೆ ಒಂದೂ ಓದೋಕಾಗಲ್ಲ. ಅದರಲ್ಲಿ ಏನಿರಬಹುದು ಅಂತ ಕೇಳಿದರೆ ಯುದ್ಧ, ಸಾಮ್ರಾಜ್ಯ, ದಾನ ಅಂತೆಲ್ಲ ಹೇಳ್ತಾರೆ. ಕೆರೆ ಕೆಲಸದ ವಿಷಯ ಅಂದಾಗ ಒಂದಿಷ್ಟು ಜನ ತಿರುಗಿ ಎದುರಿನ ಕೆರೆ ನೋಡ್ತಾರೆ. ನಾಯಕರಿಗಿಂತ 1,200 ವರ್ಷ ಹಿಂದೆಯೂ ಇಲ್ಲಿ ಅದೇ ಚಿಂತೆ.

ಹೊರಡುವ ಮುಂಚೆ ಪೇಟೆಯ ಸಂತೆ ಹೊಂಡದ ಹತ್ತಿರ ಐದು ನಿಮಿಷ ಬಸ್ ನಿಲ್ಲಿಸ್ತೀವಿ. ಪ್ರವಾಸದಲ್ಲಿ ಇದನ್ನು ಯಾಕೆ ಸೇರಿಸಿದಿರಿ, ನೋಡೋಕೆ ಏನಿದೆ ಅಂತ ಜೊತೆಗೆ ಬರೋ ಮೇಡಂ ಒಬ್ಬರು ಪ್ರತಿ ವರ್ಷ ಗೊಣಗ್ತಾರೆ. ಬೆಳಗ್ಗೆ ಮೇಲಿನ ಬಂಡೆಯಲ್ಲಿ ಸುರಿದ ಬಾಟಲಿ ನೀರು ಇಲ್ಲಿವರೆಗೆ ಬಂದಿರುತ್ತಾ ಅಂತ ಮಕ್ಕಳು ಮಾತ್ರ ಕೇಳೇ ಕೇಳ್ತಾರೆ.

ವಾಪಸ್ ಬರುವಾಗ ಭರಮಸಾಗರ ಸಿಗುತ್ತೆ. ಭರಮಣ್ಣ ನಾಯಕರು ಕಟ್ಟಿಸಿದ ಕೆರೆ, ಅವರ ಹೆಸರೇ ಊರಿಗೂ ಬಂತು, ಈಗ ತುಂಗಭದ್ರೆಯ ನೀರನ್ನು ಪೈಪಲ್ಲಿ ತಂದು ತುಂಬಿಸ್ತಾರೆ. ಇದನ್ನೆಲ್ಲ ಹೇಳೋಣ ಅಂತ ಎದ್ದು ನಿಂತರೆ ಬಸ್ಸಿಗೆ ಬಸ್ಸೇ ನಿದ್ದೆ. ಹೋದ ವರ್ಷ ಡ್ರೈವರಣ್ಣನಿಗೆ ಹೇಳಿದೆ. "ಗೊತ್ತು ಬಿಡ್ರಿ ಮೇಷ್ಟ್ರೆ, ನಮ್ ಹೊಲ ಆ ಕೆರೆ ಕೆಳಗೇ ಐತಿ" ಅಂದ.