ಅಮ್ಮನನ್ನು ಸೈಂಟ್ ಮೇರೀಸ್‌ಗೆ ದಾಟಿಸಿದ್ದು: ಎರಡು ಸಲ ಸೋತು, ಮೂರನೇ ಸಲಕ್ಕೆ

ಅಮ್ಮನ ತವರು ಕಟಪಾಡಿ. ಸಣ್ಣವರಿರುವಾಗ ಉಡುಪಿ ಹತ್ತಿರದ ಮಲ್ಪೆಗೆ ಬಂದಾಗಲೆಲ್ಲ ಕಡಲಿನ ಆ ಕಡೆ ತೆಂಗಿನ ಮರಗಳ ಒಂದು ಸಣ್ಣ ಗೆರೆ ಕಾಣುತ್ತಿತ್ತಂತೆ. ಹಿರಿಯರು ಆ ದ್ವೀಪವನ್ನು ತೋನ್ಸೆಪಾರ್ ಅನ್ನುತ್ತಿದ್ದರು. ಸೈಂಟ್ ಮೇರೀಸ್ ಅನ್ನುವ ಹೆಸರು ಅಮ್ಮನ ಬಾಯಿಗೆ ಬಂದದ್ದು ನಾವು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ. ಅರವತ್ತೆಂಟು ವರ್ಷ ನೋಡುತ್ತಲೇ ಇದ್ದರು, ಹೋಗಿರಲಿಲ್ಲ. ಕೇಳಿದರೆ "ಅಲ್ಲಿ ಎಂಥ ಉಂಟು, ಕಲ್ಲು ಅಲ್ವಾ" ಅನ್ನುತ್ತಿದ್ದರು. ಹೋದ ವರ್ಷ ಒಂದು ದಿನ ಊಟ ಮಾಡುವಾಗ ಸುಮ್ನೆ ಹೇಳಿದರು: "ಕಾಲು ಗಟ್ಟಿ ಇರುವಾಗ ಒಮ್ಮೆ ಹೋಗಿ ಬರ್ಬೇಕಿತ್ತು."

ಅವರ ಬಲ ಮೊಣಕಾಲು ಸರಿ ಇಲ್ಲ. ಅದೇ ಈ ಕಥೆಯ ಮುಖ್ಯ ವಿಷಯ. ಗಟ್ಟಿ ಕಾಲಿನವರಿಗೆ ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ, ಟಿಕೆಟ್ ತಗೊಂಡು ಬೋಟ್ ಹತ್ತಿದರೆ ಆಯ್ತು.

ಮೊದಲನೇ ಸಲ ಹೋದದ್ದು ಆಗಸ್ಟ್ ಎರಡನೇ ವಾರ. ಈಗ ಹೇಳಲು ನಾಚಿಕೆ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಅದು ಎಲ್ಲರಿಗೂ ಗೊತ್ತು. ಮೀನಿನ ಬೋಟ್ ಹೊರಟ ಮೇಲೆ ಜನರ ಬೋಟ್ ಹೊರಡಲು ಏನು ಕಷ್ಟ ಅಂತ ನಾನೇ ಲೆಕ್ಕ ಹಾಕಿಕೊಂಡೆ. ಅಮ್ಮನನ್ನು ಸುರತ್ಕಲ್‌ನಿಂದ ಬಸ್ಸಿನಲ್ಲಿ ಕೂರಿಸಿ ಮಲ್ಪೆಗೆ ಕರೆದುಕೊಂಡು ಹೋದರೆ, ಬೀಚಿನಲ್ಲಿ ಕೆಂಪು ಬಾವುಟ, ನೀರಿಗೆ ಇಳಿಯದ ಹಾಗೆ ಉದ್ದಕ್ಕೆ ಕಟ್ಟಿದ ಬಲೆ, ಕೆಸರು ಬಣ್ಣದ ಕಡಲು. ಚರುಮುರಿ ಅಂಗಡಿಯವರು ನಕ್ಕರು. "ದ್ವೀಪಕ್ಕಾ? ಮಳೆಗಾಲ ಪೂರ್ತಿ ಮುಗೀಲಿ ಮಾರಾಯ್ರೆ." ಮೀನು ಹಿಡಿಯುವವರು ಕಡಲು ನೋಡಿಕೊಂಡು ಹೊರಡುತ್ತಾರೆ, ಅದು ಅವರ ಹೊಟ್ಟೆಪಾಡು. ಪ್ರವಾಸಿಗಳ ಬೋಟ್ ಅಲೆ ಇಳಿದು, ಮೇಲಿನವರ ಒಪ್ಪಿಗೆ ಸಿಕ್ಕಿದ ಮೇಲೆಯೇ. ಸಾಮಾನ್ಯವಾಗಿ ಸೆಪ್ಟೆಂಬರ್ ದಾಟಬೇಕು. ಮೇ ತಿಂಗಳ ಕೊನೆಗೂ ನಂಬಿ ಹೋಗಬೇಡಿ, ತೂಫಾನ್ ಸುದ್ದಿ ಬಂದರೆ ಅವತ್ತೇ ಬಂದ್. ಅವತ್ತು ನಾವು ವಡಭಾಂಡೇಶ್ವರ ದೇವಸ್ಥಾನಕ್ಕೆ ಹೋಗಿ ಕೈಮುಗಿದು, ಉಡುಪಿಗೆ ಬಂದು ಗೋಳಿಬಜೆ ತಿಂದು ಮನೆಗೆ ವಾಪಸ್.

ಎರಡನೇ ಸಲ ಡಿಸೆಂಬರ್, ಕ್ರಿಸ್‌ಮಸ್ ರಜೆಯ ಒಂದು ಆದಿತ್ಯವಾರ. ಇದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಘಟ್ಟದ ಮೇಲಿನ ಟೂರ್ ಬಸ್ಸುಗಳು, ಟೆಂಪೋ ಟ್ರಾವೆಲರ್‌ಗಳು, ಶಾಲೆ ಮಕ್ಕಳು, ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡ ಆಫೀಸಿನವರು. ಒಂದೂವರೆ ಗಂಟೆ ಕ್ಯೂನಲ್ಲಿ ನಿಂತು ದೊಡ್ಡ ಬೋಟ್ ಹತ್ತಿದೆವು. ಸ್ಪೀಕರ್‌ನಲ್ಲಿ ಹಾಡು, ನಡುವೆ ಕುಣಿತ. ಅಮ್ಮ ಒಂದು ಕೈಯಲ್ಲಿ ಕಂಬ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಕೂತಿದ್ದರು, ಆದರೂ ಖುಷಿಯಲ್ಲೇ ಇದ್ದರು. ದ್ವೀಪ ಹತ್ತಿರ ಬಂತು. ಬೋಟ್ ನಿಂತಿತು. ನಿಂತದ್ದು ದಡದಲ್ಲಿ ಅಲ್ಲ, ನೀರಿನ ನಡುವೆ.

ಇಲ್ಲೇ ನನಗೆ ಯಾರೂ ಮೊದಲೇ ಹೇಳದ ವಿಷಯ ಇದ್ದದ್ದು. ದ್ವೀಪದ ಸುತ್ತ ನೀರು ಆಳ ಇಲ್ಲ, ಅಡಿಯಲ್ಲಿ ಬಂಡೆ. ನಾವು ಹೋದ ದೊಡ್ಡ ಬೋಟ್ ದಡಕ್ಕೆ ಹೋಗುವುದಿಲ್ಲ. ಒಂದು ಸಣ್ಣ ಬೋಟ್ ಬಂದು ಪಕ್ಕಕ್ಕೆ ಅಂಟಿ ನಿಲ್ಲುತ್ತದೆ, ಇದರಿಂದ ಅದಕ್ಕೆ ಇಳಿಯಬೇಕು. ಎರಡೂ ಬೋಟ್ ಏಳುತ್ತವೆ, ಬೀಳುತ್ತವೆ, ಆದರೆ ಒಟ್ಟಿಗೆ ಅಲ್ಲ. ನಡುವಿನ ಸಂದು ಒಮ್ಮೆ ಒಂದು ಗೇಣು, ಒಮ್ಮೆ ಒಂದು ಮೊಳ. ಹಿಂದಿನಿಂದ ಜನ ತಳ್ಳುತ್ತಿದ್ದರು. ಅಮ್ಮ ಅಂಚಿನವರೆಗೆ ಬಂದು ಕೆಳಗೆ ನೋಡಿದರು. "ನಾನು ಬರುದಿಲ್ಲ. ನೀನು ಹೋಗಿ ಬಾ."

ನಾನೂ ಹೋಗಲಿಲ್ಲ. ದ್ವೀಪವನ್ನು ಅಷ್ಟು ಹತ್ತಿರದಿಂದ ನೋಡಿ ಅದೇ ಬೋಟಿನಲ್ಲಿ ವಾಪಸ್ ಬಂದೆವು. ಬೋಟ್ ಖಾಲಿ, ಹಾಡೂ ಬಂದ್. ಆಗ ಬೋಟಿನ ಒಬ್ಬರು ಬಂದು ಪಕ್ಕ ಕೂತರು, ಐವತ್ತು ದಾಟಿದ ಜನ, ಮೊದಲು ಮೀನು ಹಿಡಿಯುವ ಟ್ರಾಲ್ ಬೋಟಿಗೆ ಹೋಗುತ್ತಿದ್ದವರಂತೆ. ಅಮ್ಮನ ಹತ್ತಿರ ತುಳುವಿನಲ್ಲಿ ಮಾತಾಡಿದರು. ಅವರು ಆ ಇಪ್ಪತ್ತು ನಿಮಿಷದಲ್ಲಿ ಹೇಳಿದ್ದನ್ನೇ ನಾನು ಆಮೇಲೆ ಒಂದೊಂದಾಗಿ ಮಾಡಿದ್ದು.

ಮೊದಲನೆಯದು ಹೊತ್ತು. ಚಳಿಗಾಲದಲ್ಲಿ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಅದೂ ಮೆಲ್ಲಗೆ. ದಡದ ಹತ್ತಿರದ ನೀರು ಎಣ್ಣೆ ಹಚ್ಚಿದ ಹಾಗೆ ಇರುತ್ತದೆ. ಬಿಸಿಲು ಏರಿದ ಮೇಲೆ ನೆಲ ಕಾಯುತ್ತದೆ, ಗಾಳಿ ತಿರುಗಿ ಕಡಲಿನಿಂದ ಬರಲು ಶುರು, ಮಧ್ಯಾಹ್ನದ ಮೇಲೆ ಸಣ್ಣ ಸಣ್ಣ ಅಲೆ ಎದ್ದು ಬೋಟ್ ಕುಣಿಯುತ್ತದೆ. ಹಾಗಾಗಿ ಮೊದಲ ಬೋಟ್. ಎರಡನೆಯದು ದಿನ. ಹುಣ್ಣಿಮೆ, ಅಮಾವಾಸ್ಯೆ ಬಿಟ್ಟು ಅಷ್ಟಮಿಯ ಆಸುಪಾಸು ಬನ್ನಿ ಅಂದರು. ಹುಣ್ಣಿಮೆ ಅಮಾವಾಸ್ಯೆಗೆ ಭರತ ಇಳಿತ ಎರಡೂ ಜೋರು, ಅಷ್ಟಮಿಗೆ ನೀರಿನ ಏರಿಳಿತ ಕಡಿಮೆ. ನಮ್ಮ ಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ ಪಿಕ್‌ನಿಕ್ ಗೊತ್ತು ಮಾಡಿದ್ದು ಅದೇ ಮೊದಲು. ವಾರದ ನಡುವಿನ ದಿನವೇ ಆಗಬೇಕು ಅನ್ನುವುದನ್ನು ಅವರು ಹೇಳಲಿಲ್ಲ, ಅದು ನನಗೇ ಗೊತ್ತಾಗಿತ್ತು.

ಮೂರನೆಯದು ಇಳಿಯುವ ಕ್ರಮ. "ನಿಂತುಕೊಂಡು ಕಾಲು ಚಾಚಬಾರದು ಅಮ್ಮ, ಅಂಚಿನಲ್ಲಿ ಕೂತ್ಕೊಳ್ಳಿ, ಎರಡೂ ಕಾಲು ಆ ಕಡೆ ಹಾಕಿ, ಆಮೇಲೆ ಜಾರಿ. ಅಂಗೈ ಕೊಡಬೇಡಿ, ಮಣಿಕಟ್ಟು ಕೊಡಿ." ಅಂಗೈ ಒದ್ದೆಯಾಗಿರುತ್ತದೆ, ಜಾರುತ್ತದೆ. ಮಣಿಕಟ್ಟು ಹಿಡಿದರೆ ಬಿಡುವುದಿಲ್ಲ. ಎಷ್ಟು ಸರಳ ಅಲ್ವಾ, ಆದರೆ ನನ್ನ ತಲೆಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಪ್ರಾಕ್ಟೀಸ್ ಮಾಡಿದೆವು. ನಗಬೇಡಿ. ಜಗಲಿಯ ಅಂಚಿನಲ್ಲಿ ಅಮ್ಮ ಕೂರುವುದು, ಕಾಲು ತಿರುಗಿಸುವುದು, ಕೆಳಗಿಟ್ಟ ಮಣೆಯ ಮೇಲೆ ಇಳಿಯುವುದು. ಪಕ್ಕದ ಮನೆಯ ಅಕ್ಕ ಬಂದು "ಎಂಥ ವ್ಯಾಯಾಮ ಇದು" ಅಂತ ಕೇಳಿದರು. ಸೀರೆ ಬೇಡ, ಚೂಡಿದಾರ ಹಾಕು ಅಂದೆ. ಅದಕ್ಕೆ ಮಾತ್ರ ಅಮ್ಮ ಒಪ್ಪಲಿಲ್ಲ. ಕೊನೆಗೆ ಸೀರೆಯನ್ನು ನಾಟಿಗೆ ಗದ್ದೆಗೆ ಇಳಿಯುವಾಗ ಉಡುತ್ತಿದ್ದ ಹಾಗೆ ಮೇಲೆತ್ತಿ ಸಿಕ್ಕಿಸಿಕೊಂಡು ಬರುವುದು ಅಂತ ಆಯ್ತು.

ಜನವರಿಯ ಒಂದು ಮಂಗಳವಾರ ಹೊರಟೆವು. ದಾರಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. ಸುರತ್ಕಲ್‌ನಲ್ಲಿ ಹತ್ತಿದರೆ ಸೀಟಿನ ಗ್ಯಾರಂಟಿ ಇಲ್ಲ, ಆದರೆ ಬೆಳಿಗ್ಗೆ ಆರೂವರೆಗೆ ತೊಂದರೆ ಆಗಲಿಲ್ಲ. ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ಕಟಪಾಡಿಯಲ್ಲಿ ಅಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕುವುದು ಇದ್ದದ್ದೇ. ಉಡುಪಿಯಲ್ಲಿ ಸರ್ವಿಸ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು ಸಿಟಿ ಬಸ್ ಸ್ಟ್ಯಾಂಡ್‌ಗೆ ಬಂದರೆ ಮಲ್ಪೆ ಬಸ್. ಆದಿ ಉಡುಪಿ ದಾಟಿ ಕಡಲಿನ ಕಡೆಗೆ. ಬನ್ಸ್, ಚಾ ಉಡುಪಿಯಲ್ಲೇ ಮುಗಿಸಿ. ಹೊಟ್ಟೆ ತುಂಬ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಎರಡಕ್ಕೂ ವಾಂತಿ ಬರುತ್ತದೆ.

ಮಲ್ಪೆಯಲ್ಲಿ ಬೋಟ್ ಎರಡು ಕಡೆಯಿಂದ ಇದೆ. ಬೀಚಿನಿಂದ ಹೋಗುವ ಸಣ್ಣ ಸ್ಪೀಡ್ ಬೋಟ್‌ಗಳು ಬೇಗ ಮುಟ್ಟಿಸುತ್ತವೆ, ದುಡ್ಡು ಜಾಸ್ತಿ, ಹತ್ತಲು ಮೊಣಕಾಲು ನೀರಿಗೆ ಇಳಿಯಬೇಕು, ಮತ್ತೆ ಅಲೆಯ ಮೇಲೆ ಸೊಂಟಕ್ಕೆ ಕೊಡುವ ಪೆಟ್ಟು ಬೇರೆ. ಬಂದರಿನ ಕಡೆಯಿಂದ ಹೋಗುವ ದೊಡ್ಡ ಬೋಟ್ ನಿಧಾನ, ಜನ ಸೇರುವವರೆಗೆ ಹೊರಡುವುದಿಲ್ಲ, ಆದರೆ ದಕ್ಕೆಯಿಂದ, ಅಂದರೆ ಬೋಟ್ ನಿಲ್ಲಿಸುವ ಕಟ್ಟೆಯಿಂದ, ನೇರ ಹತ್ತಬಹುದು. ವಯಸ್ಸಾದವರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ, ದಡದ ಹತ್ತಿರ ಬೋಟ್ ಬದಲಿಸುವ ಕಷ್ಟ ಇದ್ದರೂ. ರೇಟ್ ಬರೆಯುವುದಿಲ್ಲ, ಅದು ಸೀಸನ್‌ಗೆ ಸೀಸನ್‌ಗೆ ಬದಲಾಗುತ್ತದೆ. ಮಂಗಳವಾರ ಆದ್ದರಿಂದ ಜನ ಸೇರಲು ಮುಕ್ಕಾಲು ಗಂಟೆ ಕಾದೆವು. ಕಾಯುವುದು ನಮಗೆ ಬೇಸರ ಆಗಲಿಲ್ಲ. ಟ್ರಾಲ್ ಬೋಟುಗಳು ಸಾಲಾಗಿ ನಿಂತಿದ್ದವು, ಐಸ್ ತುಂಬುವುದು, ಬಲೆ ಹೊಲಿಯುವುದು, ಬುಟ್ಟಿ ಹೊತ್ತ ಹೆಂಗಸರು ದರಕ್ಕೆ ಜಗಳ ಮಾಡುವುದು, ಅಮ್ಮನಿಗೆ ದ್ವೀಪಕ್ಕಿಂತ ಇದೇ ಸಾಕು ಅನ್ನಿಸಿತೋ ಏನೋ.

ಬಂದರಿನಿಂದ ಹೊರಟರೆ ಅಳಿವೆ ದಾಟುವಾಗ ಮಾತ್ರ ಸ್ವಲ್ಪ ಕುಲುಕುತ್ತದೆ. ಅಲ್ಲಿ ಹೊಳೆಯ ನೀರು ಕಡಲಿಗೆ ಸಿಗುವ ಜಾಗ. ಆಮೇಲೆ ನಿಜವಾಗಿಯೂ ಎಣ್ಣೆಯ ಹಾಗೆ ನೀರು. ಅರ್ಧ ಗಂಟೆಯ ಒಳಗೆ ಮುಟ್ಟಿದೆವು. ಸಣ್ಣ ಬೋಟ್ ಬಂತು. ಅಮ್ಮ ಎಲ್ಲರೂ ಇಳಿಯುವವರೆಗೆ ಕಾದರು, ಅಂಚಿನಲ್ಲಿ ಕೂತರು, ಕಾಲು ತಿರುಗಿಸಿದರು, ಎರಡೂ ಮಣಿಕಟ್ಟು ಕೊಟ್ಟರು. ನಾನು ಉಸಿರು ಬಿಡುವ ಮೊದಲು ಆ ಬೋಟಿನಲ್ಲಿ ಕೂತಾಗಿತ್ತು. "ಜಗಲಿಯೇ ಇದಕ್ಕಿಂತ ಎತ್ತರ" ಅಂದರು.

ದ್ವೀಪದಲ್ಲಿ ಸುಮಾರು ಒಂದೂವರೆ ಗಂಟೆ ಇದ್ದೆವು. ಅಲ್ಲಿ ಉಳಿಯಲು ವ್ಯವಸ್ಥೆ ಇಲ್ಲ, ಯಾರ ಮನೆಯೂ ಇಲ್ಲ. ತೆಂಗಿನ ಮರ, ಕೂರಲು ಕೆಲವು ಕಡೆ ನೆರಳು, ಆಮೇಲೆ ಕಲ್ಲು. ಆ ಕಲ್ಲುಗಳನ್ನು ಹತ್ತಿರದಿಂದ ನೋಡಿ ಅಮ್ಮ ಹೇಳಿದ್ದು: "ದೇವಸ್ಥಾನ ಕಟ್ಟಲಿಕ್ಕೆ ಕಂಬ ತಂದು ಹಾಕಿ ಬಿಟ್ಟು ಹೋದ ಹಾಗೆ ಉಂಟು." ಹಾಗೆಯೇ ಇದೆ. ಐದು ಮೂಲೆ, ಆರು ಮೂಲೆಯ ಕಂಬಗಳು, ಒಂದಕ್ಕೊಂದು ಅಂಟಿಕೊಂಡು, ಉಳಿ ಹಿಡಿದು ಕೆತ್ತಿದ ಹಾಗೆ. ಅಮ್ಮನಿಗೆ ನಾನು ಹೀಗೆ ಹೇಳಿದೆ: ಬೇಸಿಗೆಯಲ್ಲಿ ಬೈಲು ಗದ್ದೆ ಒಣಗಿ ಬಿರುಕು ಬಿಡುವುದಿಲ್ವಾ, ಅದೇ ಕಥೆ. ಅಲ್ಲಿ ಕೆಸರು ಒಣಗಿ ಕುಗ್ಗುತ್ತದೆ, ಇಲ್ಲಿ ಲಾವಾ ತಣಿದು ಕುಗ್ಗಿದೆ. ಮೇಲೆ ಬಿದ್ದ ಬಿರುಕು ತಣಿಯುತ್ತಾ ತಣಿಯುತ್ತಾ ಕೆಳಗಿನವರೆಗೆ ಇಳಿದು ಕಂಬ ಆಯಿತು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ಈ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ. ತುಂಬ ಜನ ಇದನ್ನು ಬಸಾಲ್ಟ್ ಅಂತ ಹೇಳಿ, ಮಹಾರಾಷ್ಟ್ರದ ಕಡೆ ಹರಡಿರುವ ದಕ್ಕನ್ ಲಾವಾದ ಜೊತೆ ಸೇರಿಸಿ ಬಿಡುತ್ತಾರೆ. ಇದು ರಯೋಲೈಟ್ ಅನ್ನುವ ಬೇರೆ ಜಾತಿಯ ಲಾವಾ ಕಲ್ಲು, ದಕ್ಕನ್ ಲಾವಾ ಇದಕ್ಕಿಂತ ಎರಡು ಕೋಟಿ ವರ್ಷ ಈಚಿನದು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಕೂಡ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಅನ್ನುವ ಕಥೆಯನ್ನೂ ಹೇಳಿದೆ. ಅಮ್ಮ ಕೇಳಿದ್ದು ಒಂದೇ: "ಅವನಿಗೆ ಕುಡಿಲಿಕ್ಕೆ ನೀರು ಎಲ್ಲಿ ಸಿಕ್ಕಿತು ಇಲ್ಲಿ?"

ಅದು ಸರಿಯಾದ ಪ್ರಶ್ನೆ. ಕುಡಿಯುವ ನೀರು ನೀವೇ ತಗೊಂಡು ಹೋಗಿ, ಬಾಟ್ಲಿ ನೀವೇ ವಾಪಸ್ ತನ್ನಿ. ಹತ್ತು ಗಂಟೆ ದಾಟಿದರೆ ಆ ಕಪ್ಪು ಕಲ್ಲು ಕಾವಲಿಯ ಹಾಗೆ ಕಾಯುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ಪಾಚಿ ಹಿಡಿದ ಬಂಡೆಯ ಮೇಲೆ ಫೋಟೋಕ್ಕೆ ಹತ್ತಲೇಬೇಡಿ. ಹಗ್ಗ ಕಟ್ಟಿ ಬೋರ್ಡ್ ಹಾಕಿದ ಜಾಗಗಳಿವೆ, ಅಲ್ಲಿ ಜಾರಿ ಬಿದ್ದು ಜೀವ ಕಳೆದುಕೊಂಡವರಿದ್ದಾರೆ, ಆದರೂ ಅವತ್ತು ಇಬ್ಬರು ಹುಡುಗರು ಹಗ್ಗ ದಾಟಿ ಗಾರ್ಡ್ ಹತ್ತಿರ ಬೈಗುಳ ತಿಂದರು. ಪಶ್ಚಿಮದ ಕಡೆ ಮರಳಿಗಿಂತ ಚಿಪ್ಪೇ ಜಾಸ್ತಿ ಇರುವ ಒಂದು ದಡ ಇದೆ. ಅಮ್ಮ ಅಲ್ಲಿ ಕೂತು ಚಿಪ್ಪುಗಳನ್ನು ಅಕ್ಕಿ ಆರಿಸುವ ಹಾಗೆ ಆರಿಸಿದರು, ಬಣ್ಣದ್ದು ಬೇರೆ, ಬಿಳಿ ಬೇರೆ. ಹೊರಡುವಾಗ ಎಲ್ಲವನ್ನೂ ಅಲ್ಲೇ ಬಿಟ್ಟು ಎದ್ದರು.

ಇನ್ನು ನಾನು ಮರೆತ ಒಂದು ವಿಷಯ. ನಮ್ಮ ಪ್ರಾಕ್ಟೀಸ್ ಪೂರ್ತಿ ಇಳಿಯುವುದಕ್ಕೆ. ವಾಪಸ್ ಬರುವಾಗ ಸಣ್ಣ ಬೋಟಿನಿಂದ ದೊಡ್ಡದಕ್ಕೆ ಹತ್ತಬೇಕು! ಅಷ್ಟು ಹೊತ್ತಿಗೆ ಗಾಳಿಯೂ ತಿರುಗಲು ಶುರುವಾಗಿತ್ತು. ನನಗೆ ಕೈಕಾಲು ತಣ್ಣಗಾಯಿತು. ಸಣ್ಣ ಬೋಟಿನ ಹುಡುಗ ಮಾತ್ರ ಅರ್ಜೆಂಟ್ ಮಾಡಲಿಲ್ಲ. "ಅಮ್ಮಾ, ನಾನು ಹೇಳುವಾಗ ಏಳಿ, ಅಲೆಯೇ ನಿಮ್ಮನ್ನು ಎತ್ತುತ್ತದೆ" ಅಂದ. ಒಂದು ಅಲೆ ಬಿಟ್ಟ, ಎರಡು ಬಿಟ್ಟ. ಮೂರನೆಯದು ಸಣ್ಣ ಬೋಟನ್ನು ಎತ್ತಿ ದೊಡ್ಡದರ ಅಂಚಿಗೆ ಸಮ ಮಾಡಿತು, "ಈಗ" ಅಂದ, ಮೇಲಿನವರು ಮಣಿಕಟ್ಟು ಹಿಡಿದರು, ಅಮ್ಮ ಮೆಟ್ಟಿಲು ದಾಟಿದ ಹಾಗೆ ಆ ಕಡೆ. ನನ್ನದೇ ಚಪ್ಪಲಿ ಒಂದು ನೀರಿಗೆ ಬಿತ್ತು. ಅದನ್ನು ಕೋಲಿನಲ್ಲಿ ಎತ್ತಿ ಕೊಟ್ಟರು, ಇಡೀ ಬೋಟ್ ನಕ್ಕಿತು.

ದಕ್ಕೆಗೆ ಬಂದಾಗ ಮಧ್ಯಾಹ್ನ ಆಗಿತ್ತು. ನಾನು ಊಟಕ್ಕೆ ಹೋಟೆಲ್ ಹುಡುಕುತ್ತಿದ್ದರೆ ಅಮ್ಮ ಆಗಲೇ ಒಬ್ಬ ಹೆಂಗಸಿನ ಬುಟ್ಟಿಯ ಮುಂದೆ ನಿಂತು ಬಂಗುಡೆಯ ಕಿವಿ ಎತ್ತಿ ನೋಡುತ್ತಿದ್ದರು. ಎರಡು ಕಿಲೋ ತಗೊಂಡರು. ಉಡುಪಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಚೀಲ ನೋಡಿ ಮೂಗು ಸುಕ್ಕಿಸಿ "ಹಿಂದಿನ ಡಿಕ್ಕಿಯಲ್ಲಿ ಇಡಿ" ಅಂದರು. ಸುರತ್ಕಲ್‌ನಲ್ಲಿ ನಾವು ಅದನ್ನು ಮರೆತು ಇಳಿದೆವು. ಬಸ್ ಹೊರಟಾಗ ಕೂಗಿ ಹಿಂದೆ ಓಡಿದ್ದು ನಾನಲ್ಲ, ಮೊಣಕಾಲು ನೋವಿನ ಅಮ್ಮ.